ಮರದ ಗಡಿಯಾರದಲ್ಲಿ ಎಲ್ಲಾ ಕಡೆ ಬಾಲ್ ಬೇರಿಂಗ್ ಹಾಕಿದರೂ ಯಾಕೆ ನಿಂತುಹೋಗುತ್ತದೆ?

ಪ್ಲೈವುಡ್‌ನಲ್ಲಿ ಹಲ್ಲಿನ ಚಕ್ರ ಕೊರೆದು ಪೆಂಡುಲಂ ಗಡಿಯಾರ ಮಾಡಿದ್ದೀರಿ, ಪ್ರತಿ ಶಾಫ್ಟಿಗೂ 608 ಬೇರಿಂಗ್ ಹಾಕಿದ್ದೀರಿ, ಆದರೂ ಅರ್ಧ ನಿಮಿಷಕ್ಕೆ ನಿಲ್ಲುತ್ತದೆ ಅಂತ ಬರೆದಿದ್ದೀರಿ. ನನ್ನ ಮೊದಲ ಗಡಿಯಾರವೂ ಹೀಗೇ ನಿಂತಿತ್ತು. ಗಡಿಯಾರ ಓಡಿಸಲು ನೇತುಹಾಕುವ ತೂಕ ಏರಿಸುತ್ತಾ ಹೋದೆ, ಎರಡು ಕೆಜಿ ಇದ್ದದ್ದು ಐದಾಯಿತು, ಚಕ್ರದ ಹಲ್ಲು ಮುರಿಯಿತೇ ಹೊರತು ಗಡಿಯಾರ ಓಡಲಿಲ್ಲ.

ತೊಂದರೆ ಇರುವುದು ಬೇರಿಂಗಿನ ಒಳಗಿನ ಗ್ರೀಸಿನಲ್ಲಿ. 8 ಮಿ.ಮೀ. ತೂತು, 22 ಮಿ.ಮೀ. ಹೊರ ಅಳತೆಯ ಈ 608 ಸ್ಕೇಟಿಂಗ್ ಚಕ್ರಗಳಲ್ಲಿ ಬರುವುದು, ಜೋರಾಗಿ ತಿರುಗುವ ಕಡೆಗೆ ಸರಿ. ನಿಮ್ಮ ಎಸ್ಕೇಪ್ ಚಕ್ರಕ್ಕೆ (ಪೆಂಡುಲಂ ಒಮ್ಮೆ ಹೋಗಿ ಬಂದಾಗ ಒಂದು ಹಲ್ಲಷ್ಟು ಮುಂದೆ ಸರಿಯುವ ಕೊನೆಯ ಚಕ್ರ) 30 ಹಲ್ಲಿದ್ದು ಪೆಂಡುಲಂ ಸುಮಾರು ಒಂದು ಮೀಟರ್ ಇದ್ದರೆ, ಆ ಚಕ್ರ ತಿರುಗುವುದು ನಿಮಿಷಕ್ಕೆ ಒಂದೇ ಸುತ್ತು. ನಿಮಿಷದ ಮುಳ್ಳಿನ ಶಾಫ್ಟಿನಿಂದ ಅಲ್ಲಿಗೆ ಬರುವಷ್ಟರಲ್ಲಿ ತಿರುಗಿಸುವ ಬಲ 60ರಲ್ಲಿ ಒಂದು ಪಾಲಿಗಿಂತಲೂ ಕಡಿಮೆ ಆಗಿರುತ್ತದೆ. ಅಷ್ಟನ್ನೂ ಗ್ರೀಸೇ ನುಂಗಿಬಿಡುತ್ತದೆ. ರಬ್ಬರ್ ಸೀಲ್ ಇದ್ದರೆ ಇನ್ನೂ ಕಷ್ಟ, ಅದರ ಅಂಚು ಒಳಗಿನ ರಿಂಗಿಗೆ ಉಜ್ಜುತ್ತಲೇ ಇರುತ್ತದೆ.

ತೂಕ ನೇತಾಡುವ ದೊಡ್ಡ ಚಕ್ರಕ್ಕೆ ಬೇರಿಂಗ್ ಇರಲಿ, ಅಲ್ಲಿ ಭಾರ ಜಾಸ್ತಿ. ಆದರೆ ಸೀಲ್ ಕಿತ್ತು, ಸೀಮೆಎಣ್ಣೆಯಲ್ಲೋ ಟರ್ಪೆಂಟೈನ್‌ನಲ್ಲೋ ಗ್ರೀಸೆಲ್ಲ ಹೋಗುವ ತನಕ ತೊಳೆದು, ಒಣಗಿಸಿ, ಹೊಲಿಗೆ ಮಿಷನ್ ಎಣ್ಣೆ ಒಂದೇ ಒಂದು ತೊಟ್ಟು ಬಿಡಿ. ಎಸ್ಕೇಪ್ ಚಕ್ರಕ್ಕೆ ಬೇರಿಂಗೇ ಬೇಡ. ಒಂದೂವರೆ ಮಿ.ಮೀ. ಸ್ಟೀಲ್ ಕಡ್ಡಿ, ಅದಕ್ಕೆ ಹಿತ್ತಾಳೆ ಬುಷ್ (ಕಡ್ಡಿ ಒಳಗೆ ತಿರುಗುವ ಸಣ್ಣ ಕೊಳವೆ) ಸಾಕು. ಕಡ್ಡಿ ಸಣ್ಣದಾದಷ್ಟೂ ಉಜ್ಜಾಟ ನಡೆಯುವ ಜಾಗ ನಡುಮಧ್ಯಕ್ಕೆ ಹತ್ತಿರ ಬರುತ್ತದೆ, ತಡೆಯುವ ಶಕ್ತಿಯೂ ಅಷ್ಟೇ ಇಳಿಯುತ್ತದೆ. ಇಂಗ್ಲೆಂಡಿನ ಗಡಿಯಾರ ತಯಾರಕ ಜಾನ್ ಹ್ಯಾರಿಸನ್ 1720ರ ದಶಕದಲ್ಲಿ ಬ್ರಾಕಲ್ಸ್‌ಬಿ ಪಾರ್ಕ್ ಅನ್ನುವ ಎಸ್ಟೇಟಿಗೆ ಮಾಡಿಕೊಟ್ಟ ಮರದ ಗಡಿಯಾರದಲ್ಲಿ ಲಿಗ್ನಮ್ ವೈಟೆ ಅನ್ನುವ, ತನ್ನೊಳಗೇ ಎಣ್ಣೆಯ ಅಂಶ ಇರುವ ಮರದ ಬುಷ್ ಹಾಕಿದ್ದರು. ಅದಕ್ಕೆ ಎಣ್ಣೆ ಬಿಡುವ ಕೆಲಸವೇ ಇರಲಿಲ್ಲ! ಇದನ್ನು ಓದಿದ ದಿನ ನನಗೆ ನಿದ್ದೆ ಬರಲಿಲ್ಲ.

ಪೆಂಡುಲಂ ಅನ್ನು ಮಾತ್ರ ಬೇರಿಂಗಿಗೆ ತೂಗುಹಾಕಬೇಡಿ. ಅದು ಆಡುವುದು ಕೆಲವೇ ಡಿಗ್ರಿ, ಗುಂಡುಗಳು ಸುತ್ತು ಹಾಕದೆ ಇದ್ದಲ್ಲೇ ಹಿಂದೆ ಮುಂದೆ ಆಡಿ ಅಲ್ಲೇ ಸವೆಯುತ್ತವೆ. ತೆಳುವಾದ ಸ್ಟೀಲ್ ಪಟ್ಟಿಗೆ ತೂಗುಹಾಕಿದರೆ ಅದು ಬಾಗುತ್ತದೆ ಅಷ್ಟೇ, ಉಜ್ಜುವುದೇ ಇಲ್ಲ.

ಇನ್ನೊಂದು ವಿಷಯ, ಮಳೆಗಾಲ. ಬಿಗಿಯಾದ ತೂತಿಗೆ ಬೇರಿಂಗನ್ನು ಬಡಿದು ಕೂರಿಸಿದ್ದರೆ ಮರ ಊದಿ ಅದನ್ನು ಹಿಂಡುತ್ತದೆ, ಅಥವಾ ಎದುರುಬದುರಿನ ಎರಡು ತೂತು ಒಂದೇ ಸಾಲಿನಲ್ಲಿ ಉಳಿಯುವುದಿಲ್ಲ. ಕೈಯಲ್ಲಿ ಒತ್ತಿದರೆ ಕೂರುವಷ್ಟು ಸಡಿಲ ಇರಲಿ. ಶಾಫ್ಟ್ ಉದ್ದಕ್ಕೂ ಅರ್ಧ ಮಿ.ಮೀ. ಅತ್ತಿತ್ತ ಸರಿಯಬೇಕು.

ಅಂಗಳದಲ್ಲಿ ಗಾಳಿಗೆ ತಿರುಗುವ ಶಿಲ್ಪಕ್ಕೂ ಇದೇ ಬೇರಿಂಗ್ ಆಗುತ್ತಾ ಅಂತಲೂ ಕೇಳಿದ್ದೀರಿ ಅಲ್ವಾ, ಆಗುತ್ತದೆ. ಅಲ್ಲಿ ಸೀಲ್ ಕೀಳಬೇಡಿ, ಧೂಳು ನೀರು ಒಳಗೆ ಹೋದರೆ ತುಕ್ಕು ಹಿಡಿಯುತ್ತದೆ. ರೆಕ್ಕೆಗಳ ತೂಕ ಎರಡೂ ಕಡೆ ಸಮ ಇದ್ದರೆ ಸಣ್ಣ ಗಾಳಿಗೂ ತಿರುಗುತ್ತದೆ.

ಗಡಿಯಾರದಲ್ಲಿ ಮೊದಲು ಎಸ್ಕೇಪ್ ಚಕ್ರದ ಎರಡು ಬೇರಿಂಗ್ ತೆಗೆದು ಬುಷ್ ಹಾಕಿ ನೋಡಿ. ಅಷ್ಟಕ್ಕೇ ಓಡಿದರೆ ಉಳಿದದ್ದನ್ನು ಮುಟ್ಟಬೇಡಿ.