ಮಹಾಸಭೆಗೆ ಸದಸ್ಯರಲ್ಲದವರೂ ಬಂದಾಗ

ಪ್ರಶ್ನೆ: ಬಡ ವಿದ್ಯಾರ್ಥಿಗಳಿಗೆ ಶುಲ್ಕ, ಪುಸ್ತಕ ಕೊಡಿಸುವ ನೋಂದಾಯಿತ ಸಂಘ ನಮ್ಮದು. ಸದಸ್ಯರು 64. ವಾರ್ಷಿಕ ಮಹಾಸಭೆಗೆ ದಾನಿಗಳು, ಸ್ವಯಂಸೇವಕರು, ಪೋಷಕರೂ ಬರುತ್ತಾರೆ. ಕಳೆದ ಸಲ ವಂತಿಗೆ ಹೆಚ್ಚಿಸುವ ನಿರ್ಣಯಕ್ಕೆ ಅವರೂ ಕೈ ಎತ್ತಿದರೆಂದು ಈಗ ತಕರಾರು ಎದ್ದಿದೆ. ಇನ್ನು ಅವರನ್ನು ಕರೆಯುವುದನ್ನೇ ಬಿಡಬೇಕೆ?
— ಕಾರ್ಯದರ್ಶಿ, ಹಾಸನ ಜಿಲ್ಲೆ

ಉತ್ತರ: ದಯವಿಟ್ಟು ಬಿಡಬೇಡಿ. ಹಣ ಕೊಟ್ಟವರ ಎದುರು ಲೆಕ್ಕ ಓದುವ ಸಂಘದ ಮೇಲೆ ಜನರಿಗೆ ನಂಬಿಕೆ ಬೆಳೆಯುತ್ತದೆ. ನಿಮ್ಮ ಬೈಲಾ (ಸಂಘದ ನಿಯಮಾವಳಿ) ತಡೆಯದಿದ್ದರೆ ಅವರು ಕೂರಲಿ, ಪ್ರಶ್ನೆ ಕೇಳಲಿ. ಮತ, ಕೋರಂ (ಸಭೆ ನಡೆಯಲು ಬೇಕಾದ ಕನಿಷ್ಠ ಹಾಜರಿ), ನಿರ್ಣಯದ ಮಂಡನೆ, ಅನುಮೋದನೆ ಮಾತ್ರ ಸದಸ್ಯರದು.

ಪತ್ರದಿಂದಲೇ ಬೇರ್ಪಡಿಸಿ. ಕಾರ್ಯಸೂಚಿ, ಲೆಕ್ಕಪರಿಶೋಧನಾ ವರದಿ ಇರುವ ಸಭಾ ಸೂಚನೆ ಬೈಲಾ ಹೇಳಿದಷ್ಟು ದಿನ ಮೊದಲೇ ಸದಸ್ಯರಿಗೆ ತಲುಪಬೇಕು. ಉಳಿದವರಿಗೆ ಆಹ್ವಾನ ಪತ್ರ ಸಾಕು. ಇಬ್ಬರಿಗೂ ಒಂದೇ ಕಾಗದ ಕಳಿಸಿದರೆ, ಮುಂದೆ ಅದನ್ನೇ ಹಿಡಿದು ‘ನಾನೂ ಸದಸ್ಯ’ ಎನ್ನುವವರು ಬರುತ್ತಾರೆ.

ಬಾಗಿಲಲ್ಲಿ ಎರಡು ಮೇಜು, ಎರಡು ಹಾಜರಿ ಪುಸ್ತಕ. ವಂತಿಗೆ ಬಾಕಿ ಇರುವವರಿಗೆ ಮತವುಂಟೇ ಎಂಬುದನ್ನು ಬೈಲಾ ನೋಡಿ ಹಿಂದಿನ ದಿನವೇ ಪಟ್ಟಿ ಅಂತಿಮಗೊಳಿಸಿ. ಬಾಗಿಲಲ್ಲಿ ವಾದ ಬೇಡ. ಸಹಿ ಪಡೆದು ಪ್ರತಿ ಸದಸ್ಯರಿಗೂ ಸದಸ್ಯತ್ವ ಸಂಖ್ಯೆ ಬರೆದ ಹಳದಿ ಚೀಟಿ ಕೊಡಿ. ಸದಸ್ಯರು ಮುಂದೆ, ಆಹ್ವಾನಿತರು ಹಿಂದಿನ ಸಾಲುಗಳಲ್ಲಿ ಕುಳಿತರೆ ಎಣಿಕೆ ಸುಲಭ.

ಕೋರಂನಲ್ಲಿ ಎಡವುವವರೇ ಹೆಚ್ಚು. ಬೈಲಾದಲ್ಲಿ ಮೂರನೇ ಒಂದು ಭಾಗ ಎಂದಿದ್ದರೆ ನಿಮಗೆ 22 ಸದಸ್ಯರು ಬೇಕು. ಸಭಾಂಗಣದಲ್ಲಿ 90 ಜನರಿದ್ದು ಸದಸ್ಯರು 19 ಮಂದಿಯಾದರೆ ಕೋರಂ ಇಲ್ಲ. ಸನ್ಮಾನ, ಊಟ ಮೊದಲಿಟ್ಟರೆ ಸದಸ್ಯರು ಎದ್ದು ಹೋಗುತ್ತಾರೆ. ಲೆಕ್ಕಪತ್ರ, ಚುನಾವಣೆ ಮುಗಿಸಿಯೇ ಅವಕ್ಕೆ ಕೈ ಹಾಕಿ.

ಲೆಕ್ಕ ಓದಿದ ಮೇಲೆ ದಾನಿಗಳ ಪ್ರಶ್ನೆಗಳಿಗೆ 15 ನಿಮಿಷ ಕೊಡಿ. ನೆರವು ಪಡೆದ ಮಕ್ಕಳ ಹೆಸರು ಮಾತ್ರ ಅಲ್ಲಿ ಬರಬಾರದು. ನಂತರ ಅಧ್ಯಕ್ಷರು ‘ಈಗ ಹಳದಿ ಚೀಟಿ ಇರುವವರು ಮಾತ್ರ’ ಎಂದು ಸಾರಲಿ. ಪರ, ವಿರೋಧ, ತಟಸ್ಥ ಮೂರನ್ನೂ ಎಣಿಸಿ. ಮೂರರ ಮೊತ್ತ ಸದಸ್ಯರ ಹಾಜರಿಗಿಂತ ಹೆಚ್ಚಾದರೆ ಅಲ್ಲೇ ಮತ್ತೆ ಮತಕ್ಕೆ ಹಾಕಿ. ಹಿಂದಿನಿಂದ ಯಾರೋ ‘ಅನುಮೋದಿಸುತ್ತೇನೆ’ ಎಂದದ್ದು ಹಾಗೇ ನಡಾವಳಿಗೆ ಸೇರಿಬಿಡುತ್ತದೆ. ಸೂಚಕರು, ಅನುಮೋದಕರ ಹೆಸರನ್ನು ಸದಸ್ಯರ ಪಟ್ಟಿಯೊಂದಿಗೆ ತಾಳೆ ನೋಡಿಯೇ ಬರೆಯಿರಿ. ಆಹ್ವಾನಿತರ ಹಾಜರಿ ಬೇರೆಯಾಗಿ ನಮೂದಾಗಲಿ.

ಕಳೆದ ವರ್ಷದ ನಿರ್ಣಯವನ್ನು ಈ ಸಲದ ಕಾರ್ಯಸೂಚಿಗೆ ಸೇರಿಸಿ ಸದಸ್ಯರ ಮತಕ್ಕೆ ಮತ್ತೆ ಹಾಕಿ. ಅಲ್ಲಿಯವರೆಗೆ ಹಳೆಯ ದರದಲ್ಲೇ ವಂತಿಗೆ ಪಡೆಯಿರಿ. ವಂತಿಗೆಯ ಮೊತ್ತ ಬೈಲಾದಲ್ಲೇ ಇದ್ದರೆ ಸಾಮಾನ್ಯ ನಿರ್ಣಯ ಸಾಲದು, ಬೈಲಾ ತಿದ್ದುಪಡಿಯಾಗಿಯೇ ತರಬೇಕು.

ಸಭೆಯಾದ 14 ದಿನಗಳೊಳಗೆ ಆಡಳಿತ ಮಂಡಳಿಯ ಪಟ್ಟಿ ಹಾಗೂ ಲೆಕ್ಕಪರಿಶೋಧಿತ ಲೆಕ್ಕಪತ್ರವನ್ನು 1960ರ ಕರ್ನಾಟಕ ಸಂಘಗಳ ನೋಂದಣಿ ಅಧಿನಿಯಮದಂತೆ ನೋಂದಣಾಧಿಕಾರಿಗೆ ಸಲ್ಲಿಸಿ, ಸ್ವೀಕೃತಿ ಪಡೆದುಕೊಳ್ಳಿ.