ಗುತ್ತಿಗೆದಾರರು ಬಿಟ್ಟುಹೋದ ಈಜುಕೊಳ: ಪಂಪು ಕೊಳ್ಳುವ ಮೊದಲು ಮಣ್ಣಿನಡಿಯ ಪೈಪನ್ನು ಪರೀಕ್ಷಿಸಿ

‘ಶೇಕಡಾ 80ರಷ್ಟು ಕೆಲಸ ಮುಗಿದಿದೆ, ಪಂಪು ಮತ್ತು ಫಿಲ್ಟರ್ ಕೂರಿಸುವುದಷ್ಟೇ ಬಾಕಿ, ಯಾವುದನ್ನು ಕೊಳ್ಳಲಿ, ಊರಿನ ಪ್ಲಂಬರನ್ನೇ ಇಟ್ಟುಕೊಂಡು ಮುಗಿಸಬಹುದೇ’ ಎಂದು ನೀವು ಕೇಳಿದ್ದೀರಿ. 2019ರ ಜನವರಿಯಲ್ಲಿ ನಾನೂ ಹೆಚ್ಚುಕಡಿಮೆ ಇದೇ ಮಾತನ್ನು ಆಡಿದ್ದೆ. ಸಕಲೇಶಪುರದ ಬಳಿಯ ನಮ್ಮ ಕಾಫಿ ತೋಟದ ಹೋಂಸ್ಟೇಗೆ ಈಜುಕೊಳ ಕಟ್ಟಿಕೊಡಲು ಒಪ್ಪಿದ್ದ ಗುತ್ತಿಗೆದಾರರು, ಕಾಂಕ್ರೀಟಿನ ತೊಟ್ಟಿ ಎದ್ದು ವಾಟರ್‌ಪ್ರೂಫಿಂಗ್ ಗಾರೆ ಮುಗಿದ ಮೇಲೆ ಮುಂದಿನ ಕಂತಿನ ಹಣ ಪಡೆದು ಹೋದವರು ಮತ್ತೆ ಬರಲಿಲ್ಲ. ಪಂಪ್‌ರೂಮಿನ ಗೋಡೆಯಿಂದ ನಾಲ್ಕು ಪೈಪುಗಳು ಹೊರಚಾಚಿದ್ದವು. ತಳದ ಡ್ರೈನಿನದು ಯಾವುದು, ಮೇಲೆ ತೇಲುವ ಕಸವನ್ನು ಎಳೆದುಕೊಳ್ಳುವ ಸ್ಕಿಮ್ಮರಿನದು ಯಾವುದು, ಶುದ್ಧವಾದ ನೀರು ಕೊಳಕ್ಕೆ ಮರಳುವ ಇನ್‌ಲೆಟ್ಟಿನದು ಯಾವುದು, ತಳದ ಕೊಳೆ ಹೀರುವ ಕೊಳವೆಯನ್ನು ಸಿಕ್ಕಿಸುವ ವ್ಯಾಕ್ಯೂಮ್ ಪಾಯಿಂಟಿನದು ಯಾವುದು ಎಂಬ ಗುರುತೂ ಇರಲಿಲ್ಲ, ನಕ್ಷೆಯೂ ಇರಲಿಲ್ಲ. ಒಂದೊಂದರ ಬಾಯಿಗೂ ನೀರು ಸುರಿದು, ಕೊಳದೊಳಗೆ ನಿಂತವರು ಎಲ್ಲಿ ಬಂತೆಂದು ಕೂಗಿ ಹೇಳಿ, ಮಾರ್ಕರಿನಲ್ಲಿ ಹೆಸರು ಬರೆದುಕೊಳ್ಳಲು ನಮಗೆ ಅರ್ಧ ದಿನ ಬೇಕಾಯಿತು.

ಅಲ್ಲಿಯವರೆಗೆ ನಾನು ಸರಿಯಾಗಿಯೇ ನಡೆದಿದ್ದೆ. ತಪ್ಪು ಮಾಡಿದ್ದು ಅದರ ಮರುದಿನ. ಗುತ್ತಿಗೆದಾರರ ಮೇಸ್ತ್ರಿಗೆ ಫೋನು ಮಾಡಿ, ಲೈನುಗಳನ್ನು ಪ್ರೆಷರ್ ಟೆಸ್ಟ್ ಮಾಡಿದ್ದೀರಾ ಎಂದು ಕೇಳಿದೆ. ‘ಎಲ್ಲಾ ಆಗಿದೆ ಸರ್, ನೀವು ಟೈಲ್ಸ್ ಶುರು ಮಾಡಿಸಿ’ ಎಂದರು. ಏಪ್ರಿಲ್‌ನ ಬೇಸಿಗೆ ರಜೆಯೊಳಗೆ ಕೊಳ ತುಂಬಬೇಕಿತ್ತು, ಟೈಲ್ಸ್ ಕೆಲಸದವರು ಅದೇ ವಾರ ಬಿಡುವಾಗಿದ್ದರು, ಪೈಪು ಹೂತಿದ್ದ ಕಾಲುವೆಗಳೆಲ್ಲ ಆಗಲೇ ಮುಚ್ಚಿಹೋಗಿದ್ದವು. ನಾನು ಒಪ್ಪಿಬಿಟ್ಟೆ. ಆ ಟೆಸ್ಟಿಗೆ ಬೇಕಾಗುವುದು ಒಂದು ಪ್ರೆಷರ್ ಗೇಜು, ಕೊಳದ ಕಡೆಯ ಬಾಯಿಗಳಿಗೆ ರಬ್ಬರ್ ಪ್ಲಗ್ಗುಗಳು, ಒಂದು ಕೈಪಂಪು ಮತ್ತು ಒಂದು ಹಗಲು ಒಂದು ರಾತ್ರಿ. ಲೈನಿನಲ್ಲಿ ಗಾಳಿ ಉಳಿಯದಂತೆ ನೀರು ತುಂಬಿ, ಎರಡು ಬಾರ್ ಒತ್ತಡಕ್ಕೆ ಏರಿಸಿ, 24 ಗಂಟೆ ಬಿಟ್ಟು ಗೇಜಿನ ಮುಳ್ಳು ಇಳಿದಿದೆಯೇ ಎಂದು ನೋಡಿದರೆ ಕೆಲಸ ಮುಗಿಯಿತು. ಆಗ ಎರಡು ಸಾವಿರ ರೂಪಾಯಿಯೂ ಆಗದಿದ್ದ ಆ ಪರೀಕ್ಷೆಯ ಜಾಗದಲ್ಲಿ ನಾನು ಇಟ್ಟದ್ದು, ಕೆಲಸ ಬಿಟ್ಟುಹೋದವರ ಬಾಯಿಮಾತನ್ನು. ಹಣ ಪಡೆದು ಬರದೆ ಹೋದವರು ಪೈಪಿನ ವಿಷಯದಲ್ಲಿ ಮಾತ್ರ ನಿಜ ಹೇಳುತ್ತಾರೆಂದು ಯಾವ ಆಧಾರದ ಮೇಲೆ ನಂಬಿದೆನೆಂದು ಈಗಲೂ ನನಗೆ ಅರ್ಥವಾಗಿಲ್ಲ.

ಟೈಲ್ಸ್ ಆಯಿತು, ಸುತ್ತಲಿನ ಡೆಕ್ಕಿಗೆ ಕಲ್ಲು ಹಾಸಿದ್ದಾಯಿತು, 55,000 ಲೀಟರ್ ನೀರೂ ತುಂಬಿತು. ದಿನಕ್ಕೆ ನಾಲ್ಕು ಸೆಂಟಿಮೀಟರ್ ಇಳಿಯತೊಡಗಿತು. ನಮ್ಮ ಕೊಳ 9 ಮೀಟರ್ ಉದ್ದ, 4.5 ಮೀಟರ್ ಅಗಲ. ನಾಲ್ಕು ಸೆಂಟಿಮೀಟರ್ ಎಂದರೆ ಸುಮಾರು 1,600 ಲೀಟರ್. ಬಿಸಿಲಿಗೆ ಆರುತ್ತಿದೆ ಎಂದು ಎಲ್ಲರೂ ಸಮಾಧಾನ ಹೇಳಿದರು. ಒಂದು ಬಕೆಟ್ಟಿಗೆ ನೀರು ತುಂಬಿ ಕೊಳದ ಮೆಟ್ಟಿಲ ಮೇಲಿಟ್ಟು, ಬಕೆಟ್ಟಿಗೂ ಕೊಳಕ್ಕೂ ಗೆರೆ ಎಳೆದು ಮರುದಿನ ನೋಡಿದರೆ, ಬಕೆಟ್ಟಿನಲ್ಲಿ ಇಳಿದದ್ದು ಐದು ಮಿಲಿಮೀಟರ್ ಮಾತ್ರ. ಪಂಪು ಓಡಿಸಿದ ದಿನ ಸೋರಿಕೆ ಹೆಚ್ಚುತ್ತಿತ್ತು. ಪಂಪು ನಿಲ್ಲಿಸಿ ಕಾದಾಗ ಒಂಬತ್ತನೆಯ ದಿನ ನೀರು ಇನ್‌ಲೆಟ್ಟುಗಳ ಕೆಳ ಅಂಚಿಗೆ ಇಳಿದು ಅಲ್ಲಿಯೇ ನಿಂತಿತು. ಸೋರುವುದು ಮರಳುವ ಲೈನು ಎಂದು ನೀರೇ ತೋರಿಸಿಕೊಟ್ಟಂತಾಯಿತು. ಮೊದಲೇ ಮಾಡಬೇಕಿದ್ದ ಟೆಸ್ಟನ್ನು ಆಗ ಮಾಡಿದೆವು. ಮೂರು ಲೈನುಗಳಲ್ಲಿ ಮುಳ್ಳು ಅಲುಗಲಿಲ್ಲ, ನಾಲ್ಕನೆಯದರಲ್ಲಿ ಹತ್ತು ನಿಮಿಷದೊಳಗೆ ಸೊನ್ನೆಗೆ ಬಂತು.

ಹೊಸದಾಗಿ ಹಾಸಿದ್ದ ಡೆಕ್ಕನ್ನು ಮೂರು ಮೀಟರ್ ಒಡೆಸಿದೆ. ಕಲ್ಲಿನ ಕೆಳಗಿನ ಮಣ್ಣು ಕೊಚ್ಚಿಹೋಗಿ ಮುಷ್ಟಿ ತೂರುವಷ್ಟು ಪೊಳ್ಳಾಗಿತ್ತು. ಅದರ ತಳದಲ್ಲಿ ಒಂದು ಎಲ್ಬೋ, ಅಂದರೆ ಪೈಪನ್ನು ತಿರುಗಿಸುವ ಬಾಗಿದ ತುಂಡು. ಪ್ಲಂಬರ್ ಅದನ್ನು ಎರಡು ಬೆರಳಿನಲ್ಲಿ ಹಿಡಿದು ತಿರುಗಿಸಿದ ಕೂಡಲೇ ಕೈಗೆ ಬಂತು. ಒಳಗೆಲ್ಲ ಹೊಸ ಪೈಪಿನ ಹೊಳಪು, ಪೈಪು ಅಂಟಿಸುವ ಸಲ್ಯೂಷನ್ ಹಚ್ಚಿದ ಗುರುತೇ ಇಲ್ಲ. ಅಳತೆಗೆಂದು ಒಣದಾಗಿ ಸಿಕ್ಕಿಸಿ, ಆಮೇಲೆ ಅಂಟಿಸಲು ಮರೆತು ಮಣ್ಣು ಮುಚ್ಚಿದ್ದರು. ನೂರು ರೂಪಾಯಿಯ ಆ ತುಂಡಿಗಾಗಿ ನಾನು ತೆತ್ತದ್ದು ಒಂದು ಬೇಸಿಗೆಯ ಬುಕಿಂಗ್ ಮತ್ತು ಡೆಕ್ಕಿನ ಕೆಲಸಕ್ಕೆ ಎರಡನೆಯ ಸಲದ ಕೂಲಿ.

ಆದ್ದರಿಂದ ‘ಶೇಕಡಾ 80’ ಎಂಬ ಲೆಕ್ಕವನ್ನೇ ನಾನು ಒಪ್ಪುವುದಿಲ್ಲ. ಪರೀಕ್ಷೆಯಾಗದ ಪೈಪು ಮುಗಿದ ಕೆಲಸವಾಗುವುದಿಲ್ಲ. ಪಂಪಿನ ಬ್ರಾಂಡಿನ ಚರ್ಚೆಯನ್ನು ಒಂದು ತಿಂಗಳು ಮುಂದಕ್ಕೆ ಹಾಕಿ. ಹೊಸ ಗುತ್ತಿಗೆದಾರರನ್ನು ಹುಡುಕುವ ಅಗತ್ಯವೂ ನನಗೆ ಕಾಣುವುದಿಲ್ಲ. ಪೈಪಿನ ಕೆಲಸಕ್ಕೆ ಊರಿನ ಒಳ್ಳೆಯ ಪ್ಲಂಬರ್ ಸಾಕು, ಆದರೆ ಪ್ರತಿ ಜೋಡಣೆಯ ಬಳಿಯೂ ನೀವೇ ನಿಂತಿರಬೇಕು. ಕಂಪ್ರೆಸರಿನ ಗಾಳಿಯಿಂದ ಟೆಸ್ಟ್ ಮಾಡುತ್ತೇನೆಂದು ಯಾರಾದರೂ ಹೇಳಿದರೆ ಬೇಡವೆನ್ನಿ, ಏಕೆಂದರೆ ಗಾಳಿ ತುಂಬಿದ ಪಿವಿಸಿ ಒಡೆದರೆ ಚೂರುಗಳು ಸಿಡಿಯುತ್ತವೆ. ಹೊಸ ಜೋಡಣೆಗಳಿಗೆ ಒಂದು ದಿನ ಒಣಗಲು ಬಿಟ್ಟು ಆಮೇಲೆ ಒತ್ತಡ ಕೊಡಿ.

ಪಂಪು ಮತ್ತು ಫಿಲ್ಟರಿನ ಲೆಕ್ಕ ನಿಜಕ್ಕೂ ಸರಳ. ಕೊಳದ ಅಷ್ಟೂ ನೀರು ಆರು ಗಂಟೆಯಲ್ಲಿ ಒಮ್ಮೆ ಫಿಲ್ಟರ್ ದಾಟಬೇಕೆಂದರೆ, ನಮ್ಮದಕ್ಕೆ ಗಂಟೆಗೆ ಸುಮಾರು 9,000 ಲೀಟರ್ ಹರಿವು ಬೇಕಿತ್ತು. 600 ಮಿಲಿಮೀಟರ್ ವ್ಯಾಸದ ಸ್ಯಾಂಡ್ ಫಿಲ್ಟರ್ ಅದಕ್ಕೆ ಸಾಕು. ಅಂಗಡಿಯವರು ಎರಡು ಎಚ್‌ಪಿ ಪಂಪು ತೋರಿಸಿದರೂ ನಾನು ಒಂದು ಎಚ್‌ಪಿಯದನ್ನೇ ತಂದೆ. ಸಣ್ಣ ಫಿಲ್ಟರಿಗೆ ದೊಡ್ಡ ಪಂಪು ಕಟ್ಟಿದರೆ ನೀರು ಮರಳನ್ನು ಸೀಳಿಕೊಂಡು ಕೊಳೆಯ ಸಮೇತ ಹಿಂದಿರುಗುತ್ತದೆ. ಫಿಲ್ಟರಿನಲ್ಲಿ ನೀರು ಹರಿಯುವ ದಾರಿಯನ್ನು ಬದಲಿಸುವ ಮಲ್ಟಿಪೋರ್ಟ್ ವಾಲ್ವಿನ ಹಿಡಿಯನ್ನು ಪಂಪು ಓಡುತ್ತಿರುವಾಗ ಯಾರೂ ತಿರುಗಿಸದಂತೆ ಗೋಡೆಯ ಮೇಲೆ ಬರೆಸಿ.

ಎರಡು ವಿಷಯಗಳಲ್ಲಿ ಮಾತ್ರ ಖರ್ಚು ನೋಡಬೇಡಿ. ತಳದಲ್ಲಿ ಒಂದೇ ಡ್ರೈನ್ ಇದ್ದು ಅದು ನೇರ ಪಂಪಿಗೆ ಸೇರಿದ್ದರೆ, ಮಗುವಿನ ಕೂದಲು ಅಥವಾ ಮೈ ಅದರ ಬಾಯಿಗೆ ಕಚ್ಚಿಕೊಂಡಾಗ ಬಿಡಿಸಲಾಗದು. ಕನಿಷ್ಠ ಮೂರು ಅಡಿ ಅಂತರದಲ್ಲಿ ಎರಡು ಡ್ರೈನ್ ಇರಬೇಕು, ಮೇಲೆ ಉಬ್ಬಿದ ಸುರಕ್ಷತಾ ಜಾಲರಿ ಇರಬೇಕು. ವಿದ್ಯುತ್ತಿನ ಕೆಲಸವನ್ನು ಲೈಸೆನ್ಸ್ ಇರುವವರಿಗೇ ಕೊಡಿ: ನೀರೊಳಗಿನ ದೀಪ 12 ವೋಲ್ಟಿನದಾಗಿರಲಿ, ವಿದ್ಯುತ್ ಸೋರಿದ ಕೂಡಲೇ ಸಂಪರ್ಕ ಕಡಿಯುವ 30 ಮಿಲಿಆಂಪಿಯರಿನ ಆರ್‌ಸಿಸಿಬಿ ಇರಲಿ, ಸ್ಟೀಲ್ ಏಣಿಗೂ ಕಾಂಕ್ರೀಟಿನ ಕಂಬಿಗೂ ಅರ್ಥಿಂಗ್ ಸೇರಿರಲಿ.

ನಿಮ್ಮದು ಮಡಿಕೇರಿ ಎಂದು ಬರೆದಿದ್ದೀರಿ. ಜೂನ್ ಮಳೆ ಹಿಡಿಯುವ ಮೊದಲು ಕೆಲಸ ಮುಗಿಯದಿದ್ದರೆ ತೊಟ್ಟಿಯನ್ನು ಖಾಲಿ ಬಿಡಬೇಡಿ. ಸುತ್ತಲಿನ ಮಣ್ಣಿನಲ್ಲಿ ನೀರು ಏರಿದಾಗ ಖಾಲಿ ತೊಟ್ಟಿಯೇ ಮೇಲಕ್ಕೆದ್ದು ಪೈಪುಗಳನ್ನು ಮುರಿದುಬಿಡಬಹುದು. ಟೆಸ್ಟ್ ಪಾಸಾದ ಮೇಲೂ ಗೇಜನ್ನು ಬಿಚ್ಚಬೇಡಿ. ಲೈನುಗಳಲ್ಲಿ ಒತ್ತಡ ಇರುವಾಗಲೇ ಮಣ್ಣು ಮುಚ್ಚಿಸಿ, ಡೆಕ್ಕಿನ ಕಾಂಕ್ರೀಟ್ ಹಾಕಿಸಿ. ಗುದ್ದಲಿಯ ಏಟು ಪೈಪಿಗೆ ತಗುಲಿ ಒಡೆದರೆ ಮುಳ್ಳು ಆ ಕ್ಷಣವೇ ಇಳಿಯುತ್ತದೆ, ಆಗ ಅಗೆಯಬೇಕಾದದ್ದು ಒಂದು ಬುಟ್ಟಿ ಹಸಿ ಮಣ್ಣು ಮಾತ್ರ.