ಡಿಸ್ಕ್ ಕಿತ್ತಾಗ ರಿಮೂವ್ ಫಂಕ್ಷನ್ ಯಾಕೆ ಮುಗಿಯುವುದೇ ಇಲ್ಲ?

ನಿಮ್ಮದು ಪಿಸಿಐಇ ಡಿಸ್ಕ್‌ಗೆ ಬರೆದ ಲಿನಕ್ಸ್ ಡ್ರೈವರ್. ಐಒ (ಡಿಸ್ಕ್‌ಗೆ ಓದು-ಬರಹ) ನಡೆಯುತ್ತಿರುವಾಗಲೇ ಡಿಸ್ಕ್ ಕಿತ್ತರೆ ಕೆಲವು ಸಲ ಪ್ಯಾನಿಕ್ (ಕರ್ನಲ್ಲೇ ಕುಸಿಯುವುದು), ಕೆಲವು ಸಲ ರಿಮೂವ್ ಫಂಕ್ಷನ್ (ಡಿವೈಸ್ ಹೋದಾಗ ಕರ್ನಲ್ ಕರೆಯುವ ಡ್ರೈವರ್‌ನ ಫಂಕ್ಷನ್) ಹ್ಯಾಂಗ್ ಅಂತ ಕೇಳಿದ್ದೀರಿ. ಇವೆರಡಕ್ಕೂ ಕಾರಣ ಬೇರೆ ಬೇರೆ ಇರುವ ಸಾಧ್ಯತೆಯೇ ಜಾಸ್ತಿ.

ಪ್ಯಾನಿಕ್ ಮೊದಲು ನೋಡೋಣ. ಡಿವೈಸ್ ಇಲ್ಲದಿದ್ದಾಗ ರಿಜಿಸ್ಟರ್ ಓದಿದರೆ ಸಾಮಾನ್ಯವಾಗಿ ಎರರ್ ಬರುವುದಿಲ್ಲ, ಎಲ್ಲಾ ಬಿಟ್‌ಗಳೂ 1 ಆಗಿರುವ ಸಂಖ್ಯೆ ಬರುತ್ತದೆ. ಬರೆದದ್ದು ಸದ್ದಿಲ್ಲದೆ ಕಳೆದುಹೋಗುತ್ತದೆ. ಆ ಸಂಖ್ಯೆಯಿಂದಲೇ ನಿಮ್ಮ ಇಂಟರಪ್ಟ್ ಹ್ಯಾಂಡ್ಲರ್ ಟ್ಯಾಗ್ (ರಿಕ್ವೆಸ್ಟ್‌ನ ಗುರುತಿನ ಸಂಖ್ಯೆ) ತೆಗೆದುಕೊಂಡು ಅರೇಗೆ ಇಂಡೆಕ್ಸ್ ಮಾಡಿದರೆ ಹೊರಗಿನ ಮೆಮೊರಿಗೆ ಕೈ ಹಾಕಿದಂತೆಯೇ. ರೆಡಿ ಬಿಟ್‌ಗೆ ಕಾಯುವ ಲೂಪ್ ಸುಳ್ಳು ಯಶಸ್ಸು ಹೇಳುತ್ತದೆ, ಬ್ಯುಸಿ ಬಿಟ್ 0 ಆಗಲಿ ಅಂತ ಕಾಯುವ ಲೂಪ್‌ಗೆ ಕೊನೆಯೇ ಇಲ್ಲ. ಡಿವೈಸ್ ಇದೆಯೇ ಅಂತ ಓದುವ ಮೊದಲು ನೋಡಿ ಪ್ರಯೋಜನ ಇಲ್ಲ, ನೋಡಿದ ಮರುಕ್ಷಣವೇ ಅದು ಹೋಗಬಹುದು ಅಲ್ವಾ? ಓದಿದ ಮೇಲೆ ಬಂದ ಸಂಖ್ಯೆಯನ್ನೇ ಪರೀಕ್ಷಿಸಿ. ಪ್ರತಿ ಲೂಪ್‌ಗೂ ಟೈಮ್‌ಔಟ್ ಇಡಿ.

ಈಗ ಹ್ಯಾಂಗ್. ಡಿಸ್ಕನ್ನು ಸಿಸ್ಟಮ್‌ನಿಂದ ತೆಗೆಯುವ ಡೆಲ್_ಜೆನ್‌ಡಿಸ್ಕ್ (del_gendisk) ಕರೆದರೆ ಅದು ಬಾಕಿ ಇರುವ ಡೇಟಾವನ್ನು ಡಿಸ್ಕ್‌ಗೆ ಬರೆಯಲು ನೋಡುತ್ತದೆ, ಆಮೇಲೆ ಕ್ಯೂನಲ್ಲಿರುವ ರಿಕ್ವೆಸ್ಟ್‌ಗಳೆಲ್ಲ ಮುಗಿಯುವ ತನಕ ಕಾಯುತ್ತದೆ. ಡಿಸ್ಕೇ ಇಲ್ಲ, ಮುಗಿಸುವವರು ಯಾರು? ನೀವೇ ಮುಗಿಸಬೇಕು. ನನ್ನ ಮಟ್ಟಿಗೆ ಈ ಕೆಲಸದ ಜೀವಾಳವೇ ಇದು: ಹಾರ್ಡ್‌ವೇರ್‌ಗೆ ಕೊಟ್ಟ ಒಂದೊಂದು ರಿಕ್ವೆಸ್ಟೂ ಒಂದೇ ಸಲ, ಖಂಡಿತವಾಗಿ ಮುಗಿಯಬೇಕು.

ಹಾಗಾಗಿ ಮೊದಲು ಬಿಎಲ್‌ಕೆ_ಮಾರ್ಕ್_ಡಿಸ್ಕ್_ಡೆಡ್ (blk_mark_disk_dead) ಕರೆಯಿರಿ, ಆಗ ಹೊಸ ಐಒ ಬಾಗಿಲಲ್ಲೇ ಎರರ್ ಪಡೆದು ವಾಪಸ್ ಹೋಗುತ್ತದೆ. ನಂತರ ಇಂಟರಪ್ಟ್ ನಿಲ್ಲಿಸಿ, ಬಸ್ ಮಾಸ್ಟರಿಂಗ್ (ಡಿವೈಸ್ ತಾನೇ ಮೆಮೊರಿಯನ್ನು ಮುಟ್ಟುವ ಅನುಮತಿ) ಆಫ್ ಮಾಡಿ. ಇದನ್ನು ತುಂಬಾ ಜನ ಬಿಟ್ಟುಬಿಡುತ್ತಾರೆ, ಆದರೆ ಡಿಸ್ಕ್ ಪೂರ್ತಿ ಹೋಗದೆ ಲಿಂಕ್ ಮಾತ್ರ ಒಮ್ಮೆ ಬಿದ್ದು ಎದ್ದಿದ್ದರೆ, ನೀವು ಮುಗಿಸಿದ ರಿಕ್ವೆಸ್ಟ್‌ನ ಪೇಜ್‌ಗಳು ಬೇರೆಯವರ ಕೈಗೆ ಹೋದ ಮೇಲೂ ಡಿಸ್ಕ್ ಅಲ್ಲಿಗೆ ಡಿಎಂಎ ಮಾಡಬಹುದು (ಸಿಪಿಯು ಇಲ್ಲದೆ ನೇರವಾಗಿ ಬರೆಯಬಹುದು), ಅಂಥ ಹಾಳಾದ ಡೇಟಾದ ಮೂಲ ಹುಡುಕುವುದು ತುಂಬಾ ಕಷ್ಟ. ಇಷ್ಟಾದ ಮೇಲೆ ಬಾಕಿ ರಿಕ್ವೆಸ್ಟ್‌ಗಳ ಮೇಲೆ ಒಂದೊಂದಾಗಿ ಹೋಗಿ ಎರರ್ ಕೊಟ್ಟು ಮುಗಿಸಿ. ಟೈಮ್‌ಔಟ್ ಹ್ಯಾಂಡ್ಲರ್ ಅದೇ ರಿಕ್ವೆಸ್ಟನ್ನು ಮುಗಿಸುತ್ತಿರಬಹುದು, ಶುರುವಾಗಿದೆಯೇ, ಆಗಲೇ ಮುಗಿದಿದೆಯೇ ಅಂತ ನೋಡಿಯೇ ಮುಂದುವರಿಯಿರಿ. ಆ ಹ್ಯಾಂಡ್ಲರ್ ಸುಮ್ನೆ ಟೈಮರ್ ಮತ್ತೆ ಶುರು ಮಾಡುತ್ತಾ ಕೂತಿದ್ದರೆ ಅದನ್ನೂ ಸರಿ ಮಾಡಿ. ಡೆಲ್_ಜೆನ್‌ಡಿಸ್ಕ್ ಸರದಿ ಆಮೇಲೆ. ವರ್ಕ್ ಐಟಮ್ ನಿಲ್ಲುವುದನ್ನು ಕಾಯುವಾಗ ಆ ವರ್ಕ್‌ಗೆ ಬೇಕಾದ ಲಾಕ್ ನಿಮ್ಮ ಕೈಯಲ್ಲಿ ಇರಬಾರದು.

ಮೆಮೊರಿ ಬಗ್ಗೆ ಒಂದು ಮಾತು. ರಿಮೂವ್ ಮುಗಿದರೂ ಯಾರೋ ಡಿಸ್ಕನ್ನು ಓಪನ್ ಮಾಡಿಟ್ಟಿರುತ್ತಾರೆ. ಡಿಸ್ಕ್‌ನ ಮಾಹಿತಿ ಇರುವ ನಿಮ್ಮ ಸ್ಟ್ರಕ್ಟನ್ನು ಡೆವ್ಎಂ (devm, ಡಿವೈಸ್ ಜೊತೆ ತಾನಾಗಿ ಫ್ರೀ ಆಗುವ) ಅಲೊಕೇಶನ್‌ನಲ್ಲಿ ಇಟ್ಟರೆ ಡ್ರೈವರ್ ಡಿವೈಸನ್ನು ಬಿಟ್ಟ ಕೂಡಲೇ ಅದು ಫ್ರೀ ಆಗುತ್ತದೆ, ಅವರು ಕ್ಲೋಸ್ ಮಾಡಿದಾಗ ಮತ್ತೆ ಪ್ಯಾನಿಕ್. ರೆಫರೆನ್ಸ್ ಕೌಂಟ್ ಇಡಿ, ಡಿಸ್ಕ್‌ನ ಫ್ರೀ ಕಾಲ್‌ಬ್ಯಾಕ್‌ನಲ್ಲಿ ಕೊನೆಯದನ್ನು ಬಿಡಿ.

ಸಿಸ್‌ಎಫ್‌ಎಸ್‌ನ (ಕರ್ನಲ್ ಡಿವೈಸ್‌ಗಳನ್ನು ಫೈಲ್‌ಗಳಾಗಿ ತೋರಿಸುವ /sys) ರಿಮೂವ್ ಫೈಲ್‌ಗೆ 1 ಬರೆದು ಪರೀಕ್ಷೆ ಮುಗಿಸಬೇಡಿ. ಅಲ್ಲಿ ಡಿವೈಸ್ ಇನ್ನೂ ಉತ್ತರ ಕೊಡುತ್ತಿರುತ್ತದೆ. ಹಾಟ್‌ಪ್ಲಗ್ ಸ್ಲಾಟ್‌ನಲ್ಲಿ, ಕಾಸಾನ್ (KASAN, ಮೆಮೊರಿ ತಪ್ಪು ಹಿಡಿಯುವ ಸಾಧನ) ಮತ್ತು ಲಾಕ್‌ಡೆಪ್ (lockdep, ಲಾಕ್ ತಪ್ಪು ಹಿಡಿಯುವ ಸಾಧನ) ಆನ್ ಮಾಡಿ, ಜೋರಾಗಿ ಬರೆಯುತ್ತಿರುವಾಗಲೇ ಕೀಳಿ. ಡಿಸ್ಕನ್ನು ಓಪನ್ ಮಾಡಿಟ್ಟು ಒಮ್ಮೆ ಕಿತ್ತು, ಡ್ರೈವರ್ ಡಿವೈಸನ್ನು ಬಿಟ್ಟ ಮೇಲೆ ಕ್ಲೋಸ್ ಮಾಡಿ ನೋಡಿ.